ಏಳು ನೆಗ್ಗಿನ ಕಾರು

ಥಿನ್ನರಿನ ವಾಸನೆ ಬಂದರೆ ನನಗೆ ಈಗಲೂ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನೆನಪು. ಬೇರೆಯವರಿಗೆ ಮೊದಲ ಮಳೆಯ ಮಣ್ಣಿನ ವಾಸನೆ, ಅವ್ವನ ಸೆರಗಿನ ವಾಸನೆ ಅಂತ ಚಂದಚಂದದ ವಾಸನೆಗಳಿರುತ್ತವೆ. ನನ್ನ ಹಣೆಬರಹಕ್ಕೆ ಬಂದದ್ದು ಲಾರಿಗೆ ಬಣ್ಣ ಹೊಡೆಯುವವರ ಥಿನ್ನರು.

ಹೋದ ತಿಂಗಳು ಗದಗಿನಿಂದ ಹುಬ್ಬಳ್ಳಿಗೆ ಹೊರಟಿದ್ದೆ. ಅಣ್ಣಿಗೇರಿಯ ಅಂಚಿಗೆ ಬಂದಾಗ ಬಸ್ಸಿನ ಗಾಲಿ ಪಂಕ್ಚರಾಯಿತು. "ಅರ್ಧಾ ತಾಸು ಆಗತದ, ಇಳಿಯೋರು ಇಳೀರಿ," ಅಂದ ಕಂಡಕ್ಟರ್. ಅರ್ಧ ತಾಸು ಅಂದರೆ ಒಂದೂವರೆ ತಾಸು ಎಂದು ತಿಳಿಯದಷ್ಟು ನಾನೇನು ಹೊಸಬನಲ್ಲ. ಗೊಣಗುತ್ತ ಇಳಿದು ರಸ್ತೆಯ ಬಾಜೂಕೆ ಒಂದು ಬೇವಿನ ಗಿಡದ ನೆರಳಿಗೆ ನಿಂತೆ. ಗಾಳಿ ತಿರುಗಿತು. ಬಂತು ನೋಡಿ ಆ ವಾಸನೆ. ಹೊರಳಿದರೆ ಹಿಂದೆ ತಗಡಿನ ಶೆಡ್ಡು. ಮುಂದೆ ಒಂದು ಟ್ರ್ಯಾಕ್ಟರಿನ ಟ್ರೇಲರ್, ಅರ್ಧ ಕೆಂಪು, ಅರ್ಧ ತುಕ್ಕು. ಶೆಡ್ಡು ಮೊದಲಿಗಿಂತ ಎರಡು ಪಟ್ಟು ಉದ್ದವಾಗಿತ್ತು. ಆದರೂ ಗುರುತು ಸಿಕ್ಕಿತು. ಮಕ್ತುಮಣ್ಣನ ಶೆಡ್ಡು. ಅಲ್ಲಿಂದ ನಾನು ಕೂಗಾಡಿ ಎದ್ದು ಬಂದು ನಲವತ್ತು ವರ್ಷವಾಗುತ್ತ ಬಂದಿತ್ತು.

ಎಂಬತ್ತರ ದಶಕ ಅರ್ಧ ದಾಟಿದ ಹೊತ್ತು. ನಾನು ಅಣ್ಣಿಗೇರಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆಯಾಗಿ ಒಂದು ವರ್ಷ. ಊರು ಕುಂದಗೋಳ. ಗಾಯನಕ್ಕೆ ಹೆಸರಾದ ಕುಂದಗೋಳದಲ್ಲಿ ಹುಟ್ಟಿ ಸಂಗೀತವನ್ನೂ ಅರ್ಧಕ್ಕೆ ಬಿಟ್ಟವನು ಎಂದರೆ ನಾನು ಎಂಥವನು ಅಂತ ನೀವೇ ತಿಳಿಯಿರಿ. ಹಾರ್ಮೋನಿಯಂ ಅರ್ಧ, ಬಿ.ಎ. ಅರ್ಧ, ಮನೆಯ ಪಡಸಾಲೆಯ ಗೋಡೆಗೆ ಬರೆಯಲು ಶುರುಮಾಡಿದ ನವಿಲೂ ಅರ್ಧ. ಬಾಲ ಬರೆಯುವುದು ಹಾಗೇ ಉಳಿಯಿತು. ಅಪ್ಪ ಬಂದವರಿಗೆಲ್ಲ ಆ ಗೋಡೆ ತೋರಿಸಿ, "ಇದು ನಮ್ಮ ಗುರುನಾಥನ ನವಿಲು, ಬಾಲಾ ಬರೂ ವರ್ಷ ಬರತದ," ಅನ್ನುತ್ತಿದ್ದ. ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿದು ಹೋಯಿತು.

ನನ್ನ ಕಾಕಾ ಒಬ್ಬ ಹಡಗಿನಲ್ಲಿ ಇಂಜಿನ್ ಕೆಲಸಕ್ಕಿದ್ದ. ಆ ಬೇಸಿಗೆಯಲ್ಲಿ ಊರಿಗೆ ಬಂದಾಗ ನನಗೆ ಎರಡು ರಟ್ಟಿನ ಡಬ್ಬಿ ತಂದುಕೊಟ್ಟ. ಎರಡರಲ್ಲೂ ಒಂದೇ ಜಾತಿಯ ಕಾರು. ಕಾರು ಅಂದರೆ ಕಾರಿನ ಬಿಡಿಭಾಗಗಳು, ಬಿಳಿಯ ಪ್ಲಾಸ್ಟಿಕ್ಕಿನವು, ಒಂದು ಚೌಕಟ್ಟಿಗೆ ಕಾಯಿಯಂತೆ ಹತ್ತಿಕೊಂಡಿದ್ದವು. ಕತ್ತರಿಸಿ ಜೋಡಿಸಿದರೆ ಗೇಣಿಗಿಂತ ಬೆರಳಷ್ಟು ಕಡಿಮೆ ಉದ್ದದ ಹಳೇ ಕಾಲದ ಅಮೆರಿಕದ ಕಾರು ಆಗುತ್ತಿತ್ತು. ಜೊತೆಗೆ ಒಂದು ಇಂಗ್ಲಿಷ್ ಮಾಸಪತ್ರಿಕೆ. ಅದರಲ್ಲೊಂದು ಫೋಟೋ. ಅದನ್ನು ನೋಡಿದ್ದೇ ನಾನು ಕೆಟ್ಟೆ.

ಫೋಟೋದಲ್ಲಿ ಇದ್ದದ್ದು ಇದೇ ಕಾರು, ಆದರೆ ಪಂದ್ಯಕ್ಕೆ ಇಳಿದದ್ದು. ಆ ದೇಶದಲ್ಲಿ ಹಿಂದೆ ಮನೆಮಂದಿ ಸಂತೆಗೆ ಹೋಗುವ ಸಾದಾ ಕಾರಿನ ಮಡಗಾರ್ಡು, ದೀಪ, ಗಾಜು ಎಲ್ಲ ಕಿತ್ತೆಸೆದು, ಒಳಗೆ ಕಬ್ಬಿಣದ ಪೈಪಿನ ಪಂಜರ ಕೂಡಿಸಿ, ಬಾಗಿಲಿಗೆ ದೊಡ್ಡ ನಂಬರ್ ಬರೆದು, ಮಣ್ಣಿನ ಮೈದಾನದಲ್ಲಿ ಗುಂಡಗೆ ಓಡಿಸುತ್ತಿದ್ದರಂತೆ. ಸ್ಟಾಕ್ ಕಾರ್ ಅಂತ ಹೆಸರು. ಎಲ್ಲ ಎಡಕ್ಕೇ ತಿರುಗುವುದರಿಂದ ಬಲಗಡೆಯ ಮೈ ಗೋಡೆಗೆ ಉಜ್ಜಿ, ಬಡಿದು, ನೆಗ್ಗಿ ನುಜ್ಜಾಗಿತ್ತು. ಮೈತುಂಬ ಕೆಸರು. ನಂಬರ್ ಇಪ್ಪತ್ತೇಳು. ಅಂಥ ಚಂದದ ಹಾಳು ವಸ್ತುವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ಲೇ ಗುರ್ಯಾ, ಮುಂಬಯಿಯೊಳಗ ಇಂಥವು ಮಾಡೋರದ ಒಂದು ಮಂಡಳಿ ಅದ," ಅಂದ ಕಾಕಾ. "ದೀಪಾವಳಿ ಹೊತ್ತಿಗೆ ಪ್ರದರ್ಶನ ಇಡತಾರ. ನೀ ಇದನ್ನ ಮಾಡು. ದಸರಾ ಮುಗದು ಬರೂ ಶೀಗಿ ಹುಣ್ಣಿವಿ ಮರುದಿನ ನಾ ನಿಮ್ಮ ಕಾಕೂನ ತವರಿನಿಂದ, ಗದಗಿನಿಂದ, ಮುಂಬಯಿಗೆ ಹೊಂಟಿರತೇನಿ. ಗಾಡಿ ಅಣ್ಣಿಗೇರಿ ಸ್ಟೇಶನ್ನಿನ್ಯಾಗ ಎರಡು ಮಿನಿಟ್ ನಿಲ್ಲತದ. ಕಿಡಕಿಯೊಳಗ ಕೊಟ್ಟಬಿಡು. ಪ್ರದರ್ಶನದಾಗ ಇಟ್ಟು, ಫೋಟೋ ತಗದು ನಿಮ್ಮಪ್ಪಗ ಕಳಸತೇನಿ. ಮುಗಿಸಿದ ಕೆಲಸದ ಫೋಟೋ."

ಅಪ್ಪ ಅಡಕೆ ಕತ್ತರಿಸುತ್ತ ಕೂತಿದ್ದ. ತಲೆ ಎತ್ತದೆ, "ಬಾಲಾ ಬಿಟ್ಟು ಮಾಡೂದು ಇದ್ರ ಈಗ ಹೇಳಿಬಿಡು," ಅಂದ. ಅಲ್ಲಿಗೆ ಮುಗಿಯಿತು. ಈ ಕಾರು ಮುಗಿಸಲೇಬೇಕು, ಆ ಎರಡು ಮಿನಿಟಿನ ರೈಲಿಗೆ ಕೊಡಲೇಬೇಕು ಅಂತ ಹಟ ಹುಟ್ಟಿತು. ಅದು ಆಟದ ಸಾಮಾನು ಅಂತ ಯಾರಾದರೂ ಅಂದರೆ ನನಗೆ ಕೆಂಡ ತುಳಿದ ಹಾಗೆ ಆಗುತ್ತಿತ್ತು.

ಶಾಂತಾ, ನನ್ನ ಹೆಂಡತಿ, ಮೊದಲ ದಿನವೇ ಡಬ್ಬಿ ತೆರೆದು ನೋಡಿ ಫೋಟೋದ ಕಡೆ ಬೆರಳು ಮಾಡಿದಳು. "ಊರ ಮಂದಿ ಹಳೇದ ತಂದು ಹೊಸಾದ ಮಾಡತಾರ. ನೀವು ಹೊಸಾದ ತಂದು ಹಳೇದ ಮಾಡತೀರಿ. ಚಲೋ ಆತು."

ಇಂಥ ಕೆಲಸಕ್ಕೆ ಬೇಕಾದ ಅಂಟು, ಬಣ್ಣ, ಸಣ್ಣ ಗರಗಸ ಯಾವುದೂ ನಮ್ಮ ಕಡೆ ಸಿಗುತ್ತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯವನು "ಪ್ಲಾಸ್ಟಿಕ್ಕಿಗೆ ಹಚ್ಚೂ ಅಂಟು? ಒಡದ್ರ ಒಗದು ಹೊಸಾದ ತಗೋರಿ," ಅಂದ. ಕಟ್ಟಿಗೆಗೆ ಹಚ್ಚುವ ಬಿಳಿ ಅಂಟು ಹಚ್ಚಿದೆ. ಮರುದಿನ ಹಪ್ಪಳ ಎದ್ದ ಹಾಗೆ ಎದ್ದು ಬಂತು. ಕೊನೆಗೆ ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಕ್ಲೋರೋಫಾರಂ ಹಚ್ಚಿದರೆ ಪ್ಲಾಸ್ಟಿಕ್ ತಾನೇ ಕರಗಿ ಕೂಡಿಕೊಳ್ಳುತ್ತದೆ ಅಂದರು. ಸಣ್ಣ ಬಾಟಲಿಯಲ್ಲಿ ಒಂದಿಷ್ಟು ಕೊಟ್ಟರು. ಕೂಡಿತು, ನಿಜ. ಎರಡನೇ ದಿನ ನನ್ನ ಹೆಬ್ಬೆಟ್ಟಿನ ಗುರುತೂ ಕಾರಿನ ನೆತ್ತಿಯ ಟಪ್ಪಿಗೆ ಕೂಡಿತ್ತು.

ಬಣ್ಣಕ್ಕಾಗಿ ಮಕ್ತುಮಣ್ಣನ ಹತ್ತಿರ ಹೋದೆ. ಹೈಸ್ಕೂಲಿನಿಂದ ಹತ್ತು ನಿಮಿಷದ ಹಾದಿ. ನನಗಿಂತ ಐದಾರು ವರ್ಷ ದೊಡ್ಡವನು. ಲಾರಿ, ಟ್ರ್ಯಾಕ್ಟರುಗಳ ನೆಗ್ಗು ತೆಗೆದು ಬಣ್ಣ ಹೊಡೆಯುವುದು ಅವನ ಕಸಬು. ಸುತ್ತಲಿನ ಇಪ್ಪತ್ತು ಹಳ್ಳಿಗಳಲ್ಲಿ ಅವನು ಅಕ್ಷರ ಬರೆಯದ ಟ್ರೇಲರ್ ಇರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಚಹಾ ಕುಡಿಯುತ್ತ ಕೂಡುವುದು ಮೊದಲಿನಿಂದಲೂ ರೂಢಿ. ಅವನಿಗೆ ಒಂದು ರೋಗವಿತ್ತು. ಮುರಿದದ್ದು, ಹರಿದದ್ದು, ನೆಗ್ಗಿದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನನ್ನ ಚಪ್ಪಲಿಯ ಉಂಗುಟ ಕಿತ್ತದ್ದನ್ನು ನೋಡಿ, ಮಾತಾಡುತ್ತಲೇ ಅದನ್ನು ಕಾಲಿನಿಂದ ತೆಗೆಸಿ, ತಾಮ್ರದ ತಂತಿ ಪೋಣಿಸಿ ಬಿಗಿದುಕೊಟ್ಟಿದ್ದ. ನನಗೆ ಇದ್ದದ್ದು ಅದೊಂದೇ ಜೋಡು. ಆ ತಂತಿ ಹೊಳೆಯುತ್ತಿತ್ತು. ಶಾಲೆಯಲ್ಲಿ ಎಲ್ಲರೂ "ಮಾಸ್ತರು ಚಪ್ಪಲಿಗೆ ಕರೆಂಟ್ ಹಾಕಿಸ್ಯಾರ" ಅಂತ ಕಾಡುತ್ತಿದ್ದರು.

ಲಾರಿಗೆ ಹೊಡೆಯುವ ಬಣ್ಣ ಒಂದಿಷ್ಟು, ಥಿನ್ನರ್ ಒಂದಿಷ್ಟು ತಂದು ಮೊದಲನೇ ಕಾರಿಗೆ ಬಳಿದೆ. ಜೂನಿನ ಗಾಳಿ ಧೂಳು ಎಬ್ಬಿಸಿಕೊಂಡು ಹೊಡೆಯುತ್ತಿತ್ತು. ಬಾಗಿಲು ಹಾಕಿಕೊಂಡು ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಟಪ್ಪು ಸೀಟಿನ ಮೇಲೆ ಮಲಗಿತ್ತು. ಬಾಗಿಲು ಸುಕ್ಕಾಗಿ, ಮೂತಿ ಸೊಟ್ಟಗಾಗಿ, ಕಾರು ಹೋಗಿ ಮುದ್ದೆಯಾಗಿತ್ತು. ನಾಲ್ಕು ವಾರದ ಕೆಲಸ. ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿಗೆ ಹೋದೆ.

ಮಕ್ತುಮಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ನಮ್ಮ ಬಣ್ಣ ತಗಡಿಗೆ ರೀ ಮಾಸ್ತರ. ಇದು ಸಕ್ಕರಿ ಗೊಂಬಿ ಇದ್ದಂಗ ಅದ. ಥಿನ್ನರ್ ಕುಡದು ಕರಗೇದ. ಇನ್ನೊಂದು ಅದನಲ್ಲ, ಅದಕ್ಕ ಎಣ್ಣಿ ಬಣ್ಣಾ ಹಚ್ಚೂಣು. ಸಾವಕಾಶ ಒಣಗತದ, ಆದ್ರ ಇದನ್ನ ತಿನ್ನೂದಿಲ್ಲ."

"ಇದನ್ನ ಮೊದಲ ಹೇಳಬಾರದಾಗಿತ್ತೇನು?" ಅಂದೆ.

"ನೀವು ಕೇಳಬೇಕಾಗಿತ್ತಲ್ರಿ," ಅಂದ. ಅದೂ ನಿಜವೇ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಉಳಿದದ್ದು ಒಂದೇ ಕಾರು. ಆಷಾಢ ಪೂರ್ತಿ ಅದರ ಮಡಗಾರ್ಡು ಕತ್ತರಿಸುವುದರಲ್ಲಿ ಹೋಯಿತು. ಅರ್ಧ ಬ್ಲೇಡಿಗೆ ಚಿಂದಿ ಸುತ್ತಿ ಗೀರಿ ಗೀರಿ ಕತ್ತರಿಸುವುದು. ಒಂದು ಮಡಗಾರ್ಡಿಗೆ ಮೂರು ದಿನ, ಎರಡು ಬೆರಳಿಗೆ ಗಾಯ. ಒಳಗಿನ ಪೈಪಿನ ಪಂಜರಕ್ಕೆ ಖಾಲಿ ಪೆನ್ನಿನ ರಿಫಿಲ್ಲು ಚೆನ್ನಾಗಿ ಒಪ್ಪುತ್ತವೆ ಅಂತ ಹೊಳೆಯಿತು. ಶಾಲೆಯಲ್ಲಿ ಅವಕ್ಕೇನು ಬರವೇ? ಮುಷ್ಟಿ ತುಂಬ ತಂದು ಅಳತೆಗೆ ಕತ್ತರಿಸಿ ಕೂಡಿಸಲು ಹೋದರೆ ಆ ಪ್ಲಾಸ್ಟಿಕ್ಕು ಯಾವುದಕ್ಕೂ ಅಂಟುವ ಜಾತಿಯದಲ್ಲ. ಕ್ಲೋರೋಫಾರಮ್ಮಿಗೂ ಬಗ್ಗಲಿಲ್ಲ. ಹದಿನೈದು ದಿನ ಅದರ ಹಿಂದೆ ಬಿದ್ದು ಬಿಟ್ಟೆ. ಆಮೇಲೆ ಶಾಂತಾ, ಭಾಗಗಳನ್ನು ಕತ್ತರಿಸಿದ ಮೇಲೆ ಉಳಿದ ಖಾಲಿ ಚೌಕಟ್ಟನ್ನು ಒಲೆಗೆ ಹಾಕಲು ಹೊರಟವಳು, "ಇದು ಅದರ ಜಾತೀದ ಅಲ್ಲೇನ್ರಿ?" ಅಂದಳು. ಮೇಣಬತ್ತಿಯ ಮೇಲೆ ಅದನ್ನು ಕಾಯಿಸಿ ಎಳೆದರೆ ಶ್ಯಾವಿಗೆಯಂತೆ ಎಳೆ ಬರುತ್ತಿತ್ತು. ಪಂಜರ ಆಯಿತು. ನನ್ನ ಡ್ರಾಯಿಂಗ್ ವಿದ್ಯೆಗಿಂತ ಅವಳ ಶ್ಯಾವಿಗೆ ವಿದ್ಯೆಯೇ ಹೆಚ್ಚು ಕೆಲಸಕ್ಕೆ ಬಂತು.

ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ಭಾರ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರೆ ಕಾರಿಗೆ ಬಳಿದ ಎಣ್ಣೆ ಬಣ್ಣ ಎಂಟು ದಿನವಾದರೂ ಬೆರಳಿಗೆ ಹತ್ತುತ್ತಿತ್ತು. ಅದು ಒಣಗುವುದನ್ನು ಕಾಯುವುದರಲ್ಲಿ ನನ್ನ ತಾಳ್ಮೆ ಒಣಗಿತು. ಹೆಸರು ಕೊಯ್ಲಿನ ಹೊತ್ತಿಗೆ ಬಿಸಿಲು ಬಿತ್ತು. ರೈತರು ಡಾಂಬರ್ ರಸ್ತೆಯ ಮೇಲೆ ಹೆಸರಿನ ಬಳ್ಳಿ ಹರವಿದರು. ನಾನು ಕಟ್ಟೆಯ ಮೇಲೆ ಕಾರು ಇಟ್ಟು ಕಾಯುತ್ತ ಕೂತೆ.

ಬಣ್ಣ ಒಣಗಿದ ಮೇಲೆ ನೆಗ್ಗು. ಅದೇ ಇಡೀ ಕೆಲಸದ ಜೀವ. ಚಮಚವನ್ನು ಸ್ಟೋವಿನ ಮೇಲೆ ಕಾಯಿಸಿ ಬಾಗಿಲಿನ ಒಳಮೈಗೆ ಹಿಡಿದು, ಪ್ಲಾಸ್ಟಿಕ್ ಮೆತ್ತಗಾದ ಗಳಿಗೆಯಲ್ಲಿ ಹೊರಗಿನಿಂದ ಹೆಬ್ಬೆರಳಿನಿಂದ ಒತ್ತಬೇಕು. ಒಂದು ಗಳಿಗೆ ಮೊದಲಾದರೆ ಒತ್ತುವುದಿಲ್ಲ, ಒಂದು ಗಳಿಗೆ ತಡವಾದರೆ ತೂತು. ಬಲಮೈಗೆ ಏಳು ನೆಗ್ಗು ಒತ್ತಿದೆ. ಬಾಗಿಲಿಗೆ ಮೂರು, ಹಿಂದೆ ಎರಡು, ಮುಂದೆ ಒಂದು, ಬಾಗಿಲಿನ ಕೆಳಗೆ ಒಂದು. ಹೆಬ್ಬೆರಳಿನ ಚರ್ಮ ಸುಲಿದು ಸೀಮೆಸುಣ್ಣ ಹಿಡಿಯಲು ಬರದೆ ಒಂದು ವಾರ ಎಡಗೈಯಲ್ಲಿ ಬರೆದೆ. ಆದರೆ ಏಳೂ ನೆಗ್ಗು ಫೋಟೋದಲ್ಲಿ ಇದ್ದ ಹಾಗೇ ಬಂದಿದ್ದವು. ಆ ವರ್ಷ ನನಗೆ ಖುಷಿಯಾದ ದಿನ ಅದೊಂದೇ.

ಓಡಿಹೋಗಿ ಮಕ್ತುಮಣ್ಣನಿಗೆ ಕಾರನ್ನೂ ಫೋಟೋವನ್ನೂ ತೋರಿಸಿದೆ. ಹೇಗೆ ಗುಂಡಗೆ ಓಡುತ್ತವೆ, ಯಾಕೆ ಬಲಗಡೆಯೇ ನೆಗ್ಗುತ್ತದೆ ಎಲ್ಲ ಹೇಳಿದೆ.

"ಕಣದಾಗ ಮೇಟಿ ಸುತ್ತ ಎತ್ತು ತಿರಗಿದಂಗ," ಅಂದ. "ಹೊರಗಿನ ಎತ್ತಿಗೆ ಯಾವಾಗ್ಲೂ ತ್ರಾಸ ಜಾಸ್ತಿ." ಏಳೂ ನೆಗ್ಗಿನ ಮೇಲೆ ಒಂದೊಂದಾಗಿ ಬೆರಳು ಆಡಿಸಿದ. ಏನೋ ನೋವಾದವರಂತೆ ಮುಖ ಮಾಡಿದ. ನಾನು ಅದನ್ನು ಮೆಚ್ಚುಗೆ ಅಂತ ತಿಳಿದೆ.

ಇನ್ನು ಕೆಸರು ಒಂದು ಬಾಕಿ. ಮಣ್ಣಿಗೇನು ಕೊರತೆ ನಮ್ಮಲ್ಲಿ? ಎರೆಮಣ್ಣನ್ನು ಅರೆದು, ಅಂಟು ಕಲಸಿ, ಬಾಗಿಲಿನ ಕೆಳಗೆ, ಗಾಲಿಗಳ ಸುತ್ತ ಬಳಿದೆ. ಅಗದಿ ಖರೆ ಕೆಸರು. ಮರುದಿನ ಒಣಗಿ, ಬೇಸಿಗೆಯ ಹೊಲದಂತೆ ಬಿರಿದು, ಹಲ್ಲೆ ಹಲ್ಲೆಯಾಗಿ ಉದುರಿತು. ಮತ್ತೆ ಬಳಿದೆ, ಮತ್ತೆ ಬಿರಿಯಿತು. ನಾಲ್ಕು ಸಲ. ನಮ್ಮ ಮಣ್ಣಿಗೆ ಬಿರಿಯುವುದು ಬಿಟ್ಟರೆ ಬೇರೆ ಬುದ್ಧಿಯೇ ಇಲ್ಲ ಅಂತ ಅದನ್ನು ಒರೆಸಿ ಹಾಕಿದೆ. ದಸರಾ ಹತ್ತಿರ ಬಂದಿತ್ತು.

ಬಾಗಿಲಿನ ನಂಬರ್ ನಾನು ಬರೆಯುವಂತಿರಲಿಲ್ಲ. ಗೋಡೆಗೆ ಗಜದಷ್ಟು ಅಕ್ಷರ ಬರೆಯಬಲ್ಲೆ, ಆದರೆ ಉಗುರಿನಷ್ಟು ಬರೆಯಲು ಹೋದರೆ ಕೈ ನಡುಗುತ್ತಿತ್ತು. ಮಕ್ತುಮಣ್ಣ ಸೈಕಲ್ಲಿನ ಮಡಗಾರ್ಡಿನ ಮೇಲೆ ಮಾಲಕನ ಹೆಸರನ್ನು ಅಪ್ಪನ ಹೆಸರು, ಊರಿನ ಸಮೇತ ಬರೆಯುವವನು. ಖಂಡೇಪೂಜೆಗೆ ಆರು ದಿನ ಇರುವಾಗ ಕಾರು ಅವನ ಕೈಗೆ ಕೊಟ್ಟೆ. "ಎರಡೂ ಬಾಗಲಿಗೆ ಇಪ್ಪತ್ತೇಳು ಅಂತ ಬರಿ. ಅಷ್ಟ ಸಾಕು," ಅಂದೆ. ಅವನ ಅಂಗಳದಲ್ಲಿ ಅವತ್ತು ಒಂಬತ್ತು ಟ್ರೇಲರು, ಎರಡು ಲಾರಿ ನಿಂತಿದ್ದವು. ನಮ್ಮ ಕಡೆ ಖಂಡೇಪೂಜೆಯ ದಿನ ಕುಡುಗೋಲಿನಿಂದ ಹಿಡಿದು ಲಾರಿಯ ತನಕ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಅದಕ್ಕೆ ಮುಂಚಿನ ಎಂಟು ದಿನ ಅವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ಪೂಜೆಗೆ ಎರಡು ದಿನ ಇರುವಾಗ ಹೋದೆ. ಇಬ್ಬರು ಟ್ರ್ಯಾಕ್ಟರ್ ಮಾಲಕರು ಅಲ್ಲಿ ನಿಂತಿದ್ದರು. ಮಕ್ತುಮಣ್ಣ ನನ್ನನ್ನು ಕಂಡದ್ದೇ ನಕ್ಕು, ಒಳಗಿನ ಹಲಗೆಯ ಮೇಲಿಂದ ಏನೋ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಕೈಗಿಟ್ಟ. ಅದು ನನ್ನ ಕಾರು ಅಂತ ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಕುಂಕುಮದ ಕೆಂಪು ಬಣ್ಣ, ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚಿಗೆ ಹಸಿರು ಬಳ್ಳಿ. ಹಣೆಯ ಮೇಲೆ ಶ್ರೀ ಗುರು ಪ್ರಸನ್ನ. ನಾನು ಕಿತ್ತೆಸೆದ ದೀಪಗಳ ಜಾಗದಲ್ಲಿ ಹೆಂಗಸರು ಹಣೆಗೆ ಹಚ್ಚುವಂಥ ಎರಡು ಕನ್ನಡಿ ಟಿಕಳಿ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಸಾವಕಾಶ ಹೋಗ್ರಿ." ಪಂದ್ಯದ ಕಾರಿಗೆ! ಬಾಗಿಲಿನ ಮೇಲೆ ಇಪ್ಪತ್ತೇಳು ಇತ್ತು. ಅಂಥ ಇಪ್ಪತ್ತೇಳನ್ನು ಅಮೆರಿಕದಲ್ಲೂ ಯಾರೂ ಬರೆದಿರಲಿಕ್ಕಿಲ್ಲ. ಅದರ ಸುತ್ತ ಮೈ ನುಣ್ಣಗೆ, ಬೆಣ್ಣೆ ಸವರಿದ ಹಾಗೆ ಇತ್ತು.

"ನೆಗ್ಗು ಎಲ್ಲಿ?" ಅಂದೆ.

"ಏಳೂ ತುಂಬಿದೆ. ಸೀಮೆಸುಣ್ಣದ ಪುಡಿ, ಅಗಸಿ ಎಣ್ಣಿ ಕಲಿಸಿ ಪುಟ್ಟಿ ಮಾಡಿದೆ, ಥಿನ್ನರ್ ಮುಟ್ಟಸಲಿಲ್ಲ. ಬಿಸಲಿಗೆ ಇಟ್ಟು ಪಾಲಿಶ್ ಪೇಪರ್ ತಿಕ್ಕಿದೆ. ಈ ಸಾಹುಕಾರರ ಟ್ರೇಲರ್ ಎರಡು ದಿನ ಹಿಂದ ಹಾಕೇನಿ ನೋಡ್ರಿ ನಿಮ್ಮ ಸಲವಾಗಿ."

"ತುಂಬು ಅಂತ ಯಾರ ಹೇಳಿದ್ರು? ನಂಬರ್ ಬರಿ ಅಂದಿದ್ದೆ. ನಂಬರ್ ಅಷ್ಟ!"

ಅವನ ನಗೆ ಸ್ವಲ್ಪ ಇಳಿಯಿತು. "ಅಲ್ರಿ ಮಾಸ್ತರ, ನಾಡದ ಖಂಡಿ ಪೂಜಿ. ಓಡೂ ಮುಂದ ನೆಗ್ಗತಾವ, ಖರೆ. ಪೂಜಿಗೆ ನಿಂತಾಗ ಯಾಕ ನೆಗ್ಗಿರಬೇಕು? ಪೂಜಿ ಮುಂದ ನೆಗ್ಗಿದ ಗಾಡಿ ನನ್ನ ಶೆಡ್ಡಿನಿಂದ ಹೊರಗ ಹೋಗೂದಿಲ್ಲ. ನಮ್ಮಪ್ಪನ ಕಾಲದಿಂದ ಹೋಗಿಲ್ಲ."

ಆಗ ನಾನು ಆಡಿದ ಮಾತು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ತಗಡು ಬಡಿಯೋ ಮಂದಿಗೆ ಕಲಾ ಅಂದ್ರ ಏನ ತಿಳೀತದ? ಐದು ತಿಂಗಳದ ಕೆಲಸ ಹಾಳು ಮಾಡಿದಿ," ಅಂದೆ. ಆ ಇಬ್ಬರು ಗಿರಾಕಿಗಳ ಮುಂದೆ ಅಂದೆ.

ಅವನು ಕಿವಿಗೆ ಸಿಕ್ಕಿಸಿದ್ದ ಕುಂಚವನ್ನು ತೆಗೆದು ಡಬ್ಬಿಯಲ್ಲಿ ಇಟ್ಟ. "ಹೊಳ್ಳಿ ಮೊದಲಿನಂಗ ಮಾಡಿಕೊಡತೇನಿ," ಅಂದ, ಮೆಲ್ಲಗೆ.

"ಏನೂ ಬ್ಯಾಡ. ನಿನ್ನ ಶೆಡ್ಡಿನ್ಯಾಗ ಇಟಗೊಂಡು ಪೂಜಿ ಮಾಡಕೋ." ಕಾರನ್ನು ಅಲ್ಲೇ ಟ್ರೇಲರಿನ ಮೇಲೆ ಇಟ್ಟು ಹೊರಟು ಬಂದೆ.

ಖಂಡೇಪೂಜೆಯ ದಿನ ಮನೆಯಲ್ಲಿ ನನ್ನ ಕುಂಚ, ಬಣ್ಣದ ಡಬ್ಬಿಗಳನ್ನು ಹಲಗೆಯ ಮೇಲೆ ಇಟ್ಟು ಶಾಂತಾ ಪೂಜೆ ಮಾಡಿದಳು. ನಡುವೆ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದಳು. ಬೇಕೆಂದೇ ಬಿಟ್ಟಿದ್ದಳು. ನಾನು ಕಂಡರೂ ಕಾಣದವನಂತೆ ಇದ್ದೆ.

ಮರುದಿನ ದಸರಾ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಆ ಸಂಜೆ ಬನ್ನಿ ಎಲೆ ಹಿಡಿದು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಕೈಯಲ್ಲಿ ಎಲೆ ಇಟ್ಟರೆ ವರ್ಷದ ಜಗಳ ಅಲ್ಲಿಗೆ ಮುಗಿಯಿತು. ಹೊಲದ ಬದುವಿನ ವ್ಯಾಜ್ಯ ಇದ್ದವರೂ ಅವತ್ತು ಬನ್ನಿ ಕೊಡುತ್ತಾರೆ. ನ್ಯಾಯವಾಗಿ ನಾನೇ ಹೋಗಬೇಕಿತ್ತು. ಚಿಕ್ಕವನು ನಾನು, ತಪ್ಪು ಆಡಿದವನೂ ನಾನು.

ಹೊತ್ತು ಮುಳುಗುವ ಮುಂಚೆ ಬಾಗಿಲಲ್ಲಿ ಮಕ್ತುಮಣ್ಣನ ದನಿ ಕೇಳಿತು. "ಮಾಸ್ತರ ಅದಾರೇನ್ರಿ ಅಕ್ಕಾರ?"

ನಾನು ಒಳಕೋಣೆಯಲ್ಲಿದ್ದೆ. ಶಾಂತಾ ನನ್ನ ಮುಖ ನೋಡಿದಳು. ಇಲ್ಲ ಅನ್ನು ಅಂತ ಕೈ ಮಾಡಿದೆ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹೊರಗೆ ಹೋಗಿ, "ಕುಂದಗೋಳಕ್ಕ ಹೋಗ್ಯಾರ್ರಿ," ಅಂದಳು. ಅವಳು ನನಗಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಆಮೇಲೆ ಮೂರು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

"ಹೌದೇನ್ರಿ," ಅಂದ ಅವನು. "ಬಂದ ಮ್ಯಾಲೆ ಹೇಳ್ರಿ, ಪೂಜಿ ಮುಗದದ, ಶೆಡ್ಡಿಗೆ ಒಮ್ಮೆ ಬಂದು ನೋಡಿ ಹೋಗಬೇಕಂತ." ಅವಳ ಕೈಯಲ್ಲಿ ಬನ್ನಿ ಕೊಟ್ಟು ಹೋದ.

ನೋಡುವುದೇನಿದೆ, ಇನ್ನೊಂದು ಟಿಕಳಿ ಹಚ್ಚಿರುತ್ತಾನೆ ಅಂತ ಅಂದುಕೊಂಡೆ. ಶೀಗಿ ಹುಣ್ಣಿವೆಯ ತನಕ ಐದು ದಿನ ಇತ್ತು. ದಿನಾ ಶಾಲೆಗೆ ಹೋಗುವಾಗ ಶೆಡ್ಡಿನ ಹಾದಿ ಬಿಟ್ಟು ಹಳೇ ಗುಡಿಯ ಹಿಂದಿನಿಂದ ಸುತ್ತು ಹಾಕಿ ಹೋದೆ. ಐದು ದಿನದಲ್ಲಿ ಒಮ್ಮೆ ಆ ಹತ್ತು ನಿಮಿಷದ ಹಾದಿ ನಡೆದಿದ್ದರೆ ಸಾಕಿತ್ತು. ನಡೆಯಲಿಲ್ಲ.

ಹುಣ್ಣಿವೆಯ ಮರುದಿನ ಬರಿಗೈಯಲ್ಲಿ ಸ್ಟೇಶನ್ನಿಗೆ ಹೋದೆ. ಗಾಡಿ ಬಂತು. ಕಾಕಾ ಕಿಡಕಿಯಿಂದ ಎರಡೂ ಕೈ ಹೊರಗೆ ಚಾಚಿಕೊಂಡೇ ಬಂದಿದ್ದ, ಡಬ್ಬಿ ಇಸಿದುಕೊಳ್ಳಲು. ನನ್ನ ಕೈ ನೋಡಿ ಮೆಲ್ಲಗೆ ಒಳಗೆ ಎಳೆದುಕೊಂಡ.

"ಆಗಲಿಲ್ಲೇನೋ?"

"ಪೇಂಟರ್ ಹಾಳು ಮಾಡಿದ," ಅಂದೆ.

"ಇರಲಿ ಬಿಡು, ಬರೂ ವರ್ಷ ನೋಡೂಣು." ಎರಡು ಮಿನಿಟು ಇಷ್ಟು ಉದ್ದ ಇರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಗಾಡಿ ಹೋಯಿತು. ಬರುವ ವರ್ಷ ಕಾಕಾ ಹಡಗು ಬಿಟ್ಟ, ಮಂಡಳಿಯ ಮಾತು ಅಲ್ಲಿಗೆ ನಿಂತಿತು. ನನಗೆ ಅದೇ ಬೇಸಿಗೆಯಲ್ಲಿ ಕಲಘಟಗಿಗೆ ವರ್ಗವಾಯಿತು. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲ ನೆನಪು ಮಾಡಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಕಂಡಕ್ಟರ್ ಜ್ಯಾಕ್ ಹುಡುಕುತ್ತಿದ್ದ. ಕಾಲು ತಾವಾಗಿಯೇ ಶೆಡ್ಡಿಗೆ ನಡೆದವು. ಟ್ರೇಲರಿಗೆ ಬಣ್ಣ ಹೊಡೆಯುತ್ತಿದ್ದವನು ಮಗ ಇರಬೇಕು, ಅದೇ ಹಣೆ, ಅದೇ ಹೆಗಲು. ಒಳಗೆ ಕುರ್ಚಿಯ ಮೇಲೆ ಮಕ್ತುಮಣ್ಣ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ದಪ್ಪ ಗಾಜಿನ ಕನ್ನಡಕ. ನಾನು ನಮಸ್ಕಾರ ಅಂದೆ.

"ಮಾಸ್ತರ," ಅಂದ. ಹೆಸರು ಕೇಳಲಿಲ್ಲ. "ಭಾಳ ತಡಾ ಮಾಡಿದ್ರಿ." ಮಗನ ಕಡೆ ಹೊರಳಿ, "ಆ ಮ್ಯಾಲಿನ ಹಲಗಿ ಮ್ಯಾಲಿಂದ ಮಾಸ್ತರದ ಗಾಡಿ ತಗದುಕೊಡು," ಅಂದ.

ಗೋಧಿ ಚೀಲದ ತುಂಡಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದೆ. ಕುಂಕುಮದ ಬಣ್ಣ ಇರಲಿಲ್ಲ, ಟಿಕಳಿ ಇರಲಿಲ್ಲ, ಹಸಿರು ಬಳ್ಳಿ ಇರಲಿಲ್ಲ. ಬಲಮೈಗೆ ಏಳು ನೆಗ್ಗು. ಬಾಗಿಲಿಗೆ ಮೂರು, ಹಿಂದೆ ಎರಡು, ಮುಂದೆ ಒಂದು, ಕೆಳಗೆ ಒಂದು. ಉಜ್ಜಿದ ಬಣ್ಣದ ನಡುವೆ ಆ ಇಪ್ಪತ್ತೇಳು. ಗಾಲಿಗಳ ಸುತ್ತ ಎರೆಮಣ್ಣಿನ ಕೆಸರು, ನಲವತ್ತು ವರ್ಷದ್ದು, ಎಲ್ಲೂ ಒಂದು ಬಿರುಕು ಇಲ್ಲ.

"ಪೂಜಿ ಮುಗದ ಮ್ಯಾಲೆ ಕುಂತು ಪುಟ್ಟಿ ಕೆರದು ತಗದೆ, ನಂಬರ್ ಹೊಳ್ಳಿ ಬರದೆ," ಅಂದ. "ನಿಮ್ಮ ನೆಗ್ಗು ನಾ ಎಲ್ಲಿ ಹಾಳ ಮಾಡಿದ್ದೆ? ಮುಚ್ಚಿದ್ದೆ ಅಷ್ಟ. ಎಣ್ಣಿ ಪುಟ್ಟಿ, ಅಗದಿ ಹಸೀದ ಇತ್ತು, ಒಂದು ತಾಸಿನ ಕೆಲಸ. ಕೆಸರಿಗೆ ಹತ್ತಿ ಎಳಿ ಕಲಿಸಿದೆ. ಗ್ವಾಡಿ ಮೆತ್ತೋರು ಹೊಟ್ಟು ಕಲಸೂದಿಲ್ಲೇನು? ಹಿಂದಿನ ಅಕ್ಷರ ಒಂದು ಅಳಸಲಿಲ್ಲ. ಅಷ್ಟು ಜೋರಾಗಿ ಓಡೂ ಗಾಡಿಗೆ ಅದು ಇರಬೇಕ್ರಿ."

ಹಿಂದೆ ತಿರುಗಿಸಿದೆ. ಸಾವಕಾಶ ಹೋಗ್ರಿ.

ಬಾಗಿಲಿನ ನಡುವಿನ ನೆಗ್ಗಿನಲ್ಲಿ ಹೆಬ್ಬೆರಳು ಇಟ್ಟೆ. ಅಳತೆ ತೆಗೆದ ಹಾಗೆ ಕೂತಿತು. ನನ್ನ ಮೇಲೆ ನನಗೇ ಅಸಾಧ್ಯ ಸಿಟ್ಟು ಬಂತು. ಜನ್ಮದಲ್ಲಿ ನಾನು ಹಚ್ಚಿದ ಒಂದು ಕೆಲಸ ಪೂರ್ತಿ ಮುಗಿದಿತ್ತು. ರೈಲಿಗೆ ಆರು ದಿನ ಇರುವಾಗಲೇ ಮುಗಿದಿತ್ತು. ನನ್ನಿಂದ ಹತ್ತು ನಿಮಿಷದ ಹಾದಿಯಲ್ಲಿ ಈ ಹಲಗೆಯ ಮೇಲೆ ಕೂತಿತ್ತು. ತೋರಿಸೋಣವೆಂದರೆ ಈಗ ಕಾಕಾ ಇಲ್ಲ, ಅಪ್ಪ ಇಲ್ಲ.

ಹೊರಗೆ ಬಸ್ಸಿನ ಹಾರ್ನ್ ಆಯಿತು. ಹಾಗೇ ಹೋಗಿಬಿಡಬಹುದಿತ್ತು, ಆದರೆ ಇದನ್ನೂ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ.

"ಮಕ್ತುಮಣ್ಣ," ಅಂದೆ. "ಆ ದಸರಾ ದಿನ ನೀ ಬನ್ನಿ ಕೊಡಾಕ ಬಂದಾಗ ನಾ ಕುಂದಗೋಳಕ್ಕ ಹೋಗಿದ್ದಿಲ್ಲ. ಮನ್ಯಾಗ ಇದ್ದೆ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

"ಗೊತ್ತಿತ್ರಿ," ಅಂದ. "ನಾ ತಂತಿ ಹಾಕಿದ ಚಪ್ಪಲಿ ಬಾಗಲದಾಗ ಇದ್ವಲ್ಲ."